ಮೆಡಿಕೇರ್ ಆಡಿಟ್ ಪತ್ರ ಬಂದಾಗ ಲ್ಯಾಬ್ ಬಿಲ್ಲಿನಲ್ಲಿ ತಪ್ಪು ಹುಡುಕುವ ಬಗೆ

ಬೆಂಗಳೂರು, ಮೈಸೂರಿನಲ್ಲಿ ಕೂತು ಅಮೆರಿಕದ ಲ್ಯಾಬ್‌ಗಳ ಬಿಲ್ಲಿಂಗ್ ಮಾಡುವವರಿಗೆ ಇದು ಹೊಸದಲ್ಲ. ಸಂಜೆ ಶಿಫ್ಟ್‌ಗೆ ಬಂದು ಲಾಗಿನ್ ಆದರೆ ಕ್ಲೈಂಟ್ ಕಡೆಯಿಂದ ಒಂದು ಮೇಲ್ ಬಂದಿರುತ್ತದೆ. ಜೊತೆಗೆ ಸ್ಕ್ಯಾನ್ ಮಾಡಿದ ಪತ್ರ. ಮೆಡಿಕೇರ್‌ನವರು, ಅಂದರೆ ಅಮೆರಿಕ ಸರ್ಕಾರದ ಆರೋಗ್ಯ ವಿಮೆಯವರು, 30 ಕ್ಲೇಮ್‌ಗಳಿಗೆ (ದುಡ್ಡು ಕೇಳಿ ಲ್ಯಾಬ್ ಕಳಿಸಿದ ಬಿಲ್ಲುಗಳಿಗೆ) ದಾಖಲೆ ಕೇಳಿದ್ದಾರೆ, 45 ದಿನದ ಗಡುವು. ಪತ್ರದ ಮೇಲಿನ ತಾರೀಕು ನೋಡಿದರೆ ಆಗಲೇ 12 ದಿನ ಕಳೆದಿದೆ. ಅಲ್ಲಿನ ರಿಸೆಪ್ಷನ್ ಮೇಜಿನ ಮೇಲೆ, ರೀಏಜೆಂಟ್ ಬಿಲ್ಲುಗಳ ಕೆಳಗೆ ಮಲಗಿತ್ತಂತೆ.

ಗಾಬರಿಯಲ್ಲಿ ಟೀಮ್ ಮಾಡುವ ಮೊದಲ ಕೆಲಸ ಅಂದರೆ ಕ್ಲೇಮ್ ಫಾರ್ಮ್, ಟೆಸ್ಟ್ ರಿಪೋರ್ಟ್ ಎರಡನ್ನೂ ಪ್ರಿಂಟ್ ತೆಗೆದು ಕಟ್ಟು ಕಟ್ಟುವುದು. ಕ್ಲೇಮ್ ಅವರ ಹತ್ತಿರ ಇದ್ದೇ ಇದೆ, ದುಡ್ಡು ಕೊಟ್ಟವರೇ ಅವರು. ಅವರು ಕೇಳುತ್ತಿರುವುದು ಅದರ ಹಿಂದಿನ ಕಥೆ. ಈ ಟೆಸ್ಟ್ ಮಾಡಿಸಿ ಅಂತ ಯಾವ ಡಾಕ್ಟರ್ ಹೇಳಿದರು? ಯಾಕೆ ಹೇಳಿದರು? ರಿಸಲ್ಟ್ ನೋಡಿ ಏನು ಮಾಡಿದರು? ಲ್ಯಾಬ್ ಬಿಲ್ಲಿಂಗ್‌ನ ಪೇಚು ಇಲ್ಲೇ ಇದೆ. ಬಿಲ್ ಲ್ಯಾಬ್‌ನದು, ಸಾಕ್ಷಿ ಮಾತ್ರ ಡಾಕ್ಟರ ಫೈಲಿನಲ್ಲಿ. ಆ ಫೈಲ್ ಸಿಗದಿದ್ದರೆ ದುಡ್ಡು ವಾಪಸ್ ಕಟ್ಟುವುದು ಲ್ಯಾಬೇ, ಡಾಕ್ಟರ್ ಅಲ್ಲ.

ಇನ್ನೊಂದು ವಿಷಯವೂ ಇದೆ. ಹೊರರೋಗಿ ಸೇವೆಗಳನ್ನು ನೋಡುವ ಮೆಡಿಕೇರ್ ಪಾರ್ಟ್ ಬಿ ಅಡಿಯಲ್ಲಿ ರಕ್ತ, ಮೂತ್ರದಂಥ ಟೆಸ್ಟ್‌ಗಳಿಗೆ ರೋಗಿ ಜೇಬಿನಿಂದ ಏನೂ ಕೊಡಬೇಕಾಗಿಲ್ಲ. ಡಿಡಕ್ಟಿಬಲ್ ಇಲ್ಲ, ಕೋಇನ್ಶೂರೆನ್ಸ್ ಇಲ್ಲ. ಹಾಗಾಗಿ ತಪ್ಪು ಬಿಲ್ ಹೋದರೂ ಫೋನ್ ಮಾಡಿ ಬೈಯುವವರು ಇಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಒಂದು ಸಣ್ಣ ತಪ್ಪು ವರ್ಷಗಟ್ಟಲೆ ಸದ್ದಿಲ್ಲದೆ ಓಡುತ್ತದೆ, ಆಮೇಲೆ ಒಂದು ದಿನ ಪತ್ರವಾಗಿ ಬರುತ್ತದೆ.

ಪತ್ರ ಕಳಿಸಿದವರು ಯಾರು?

ದಾಖಲೆಗೆ ಕೈ ಹಾಕುವ ಮುಂಚೆ ಪತ್ರದ ತಲೆಬರಹ ಓದಿ. ಎಲ್ಲ ಪತ್ರವೂ ಒಂದೇ ತೂಕದ್ದಲ್ಲ.

ಜಾಸ್ತಿ ಬರುವುದು ಲ್ಯಾಬ್ ಇರುವ ಪ್ರದೇಶದ ಮ್ಯಾಕ್‌ನಿಂದ (MAC), ಅಂದರೆ ಮೆಡಿಕೇರ್ ಪರವಾಗಿ ಕ್ಲೇಮ್ ನೋಡಿ ದುಡ್ಡು ಕೊಡುವ ಗುತ್ತಿಗೆ ಕಂಪನಿಯಿಂದ. ಅದರಲ್ಲಿ ಟಿಪಿಇ (TPE) ಅಂತ ಬರೆದಿದ್ದರೆ ಒಂದು ಸುತ್ತಿಗೆ 20ರಿಂದ 40 ಕ್ಲೇಮ್ ನೋಡುತ್ತಾರೆ. ತಪ್ಪು ಜಾಸ್ತಿ ಇದ್ದರೆ ಕೂರಿಸಿಕೊಂಡು ಹೇಳಿಕೊಡುತ್ತಾರೆ, ಸರಿಮಾಡಿಕೊಳ್ಳಲು ಕನಿಷ್ಠ 45 ದಿನ ಕೊಡುತ್ತಾರೆ, ಮತ್ತೆ ನೋಡುತ್ತಾರೆ. ಹೀಗೆ ಮೂರು ಸುತ್ತಿನ ತನಕ. ಮೂರರಲ್ಲೂ ಬಿದ್ದರೆ ಮಾತ್ರ ವಿಷಯ ಮೇಲಿನವರಿಗೆ ಹೋಗುತ್ತದೆ. ನನ್ನ ಪ್ರಕಾರ ಇದು ಶಿಕ್ಷೆಗಿಂತ ಟ್ಯೂಷನ್ ಥರ. ಅವರು ಹೇಳಿಕೊಡುವಾಗ ಲ್ಯಾಬ್ ಮ್ಯಾನೇಜರ್ ಒಬ್ಬರೇ ಕೂರುವುದು ಬೇಡ, ಬಿಲ್ಲಿಂಗ್ ಟೀಮ್‌ನವರೂ ಕಾಲ್‌ನಲ್ಲಿ ಇರಲಿ.

ಸರ್ಟ್ (CERT) ಅಂತಿದ್ದರೆ ಅದು ದೇಶಪೂರ್ತಿ ಲಾಟರಿ ಎತ್ತಿದ ಹಾಗೆ ಆರಿಸಿದ ಕ್ಲೇಮ್. ನಿಮ್ಮ ಮೇಲೆ ಅನುಮಾನ ಅಂತ ಅರ್ಥವಲ್ಲ. ರ‍್ಯಾಕ್ (RAC) ಅಂತಿದ್ದರೆ ಅವರು 3 ವರ್ಷ ಹಿಂದಿನ ತನಕ ಕೆದಕಬಹುದು, ವಸೂಲಿ ಮಾಡಿದ್ದರಲ್ಲಿ ಅವರಿಗೂ ಪಾಲಿದೆ. ಹಾಗಾಗಿ ಹುಡುಕುವ ಉತ್ಸಾಹ ಸ್ವಲ್ಪ ಜಾಸ್ತಿ. ಯುಪಿಕ್ (UPIC) ಅಂತ ಕಂಡರೆ ಕುರ್ಚಿಯಲ್ಲಿ ನೆಟ್ಟಗೆ ಕೂತುಕೊಳ್ಳಿ. ಅವರು ಮೋಸ ಹುಡುಕುವವರು, ಉತ್ತರಕ್ಕೆ ಸಾಮಾನ್ಯವಾಗಿ 30 ದಿನ ಅಷ್ಟೇ. ಆ ಪತ್ರಕ್ಕೆ ಬಿಲ್ಲಿಂಗ್ ಟೀಮ್ ತಾನೇ ಉತ್ತರ ಬರೆಯಬಾರದು. ಲ್ಯಾಬ್‌ನವರು ಮೊದಲು ವಕೀಲರನ್ನು ಕರೆಯಲಿ.

ಗಡುವು ಎಣಿಸುವುದು ಪತ್ರದ ತಾರೀಕಿನಿಂದ. ನಿಮ್ಮ ಕೈಗೆ ಸಿಕ್ಕ ದಿನದಿಂದ ಅಲ್ಲ. ಪತ್ರ ಪದೇ ಪದೇ ತಡವಾಗಿ ಸಿಗುತ್ತಿದ್ದರೆ ಮೆಡಿಕೇರ್ ನೋಂದಣಿಯಲ್ಲಿರುವ ಪತ್ರವ್ಯವಹಾರದ ವಿಳಾಸ ನೋಡಿ. ಲ್ಯಾಬ್ ಜಾಗ ಬದಲಾಯಿಸಿ ವರ್ಷ ಎರಡಾಗಿರುತ್ತದೆ, ವಿಳಾಸ ಮಾತ್ರ ಹಳೇದೇ ಇರುತ್ತದೆ.

ಒಂದು ಕ್ಲೇಮ್ ಹಿಡಿದು ಹಿಂದಕ್ಕೆ ನಡೆಯಿರಿ

30 ಕ್ಲೇಮ್‌ಗಳನ್ನು ಒಟ್ಟಿಗೆ ನೋಡಲು ಹೋದರೆ ತಲೆ ಕೆಡುತ್ತದೆ. ಒಂದನ್ನು ತಗೊಳ್ಳಿ. ದುಡ್ಡು ಬಂದ ಕಡೆಯಿಂದ ಶುರುಮಾಡಿ, ಡಾಕ್ಟರ ಕೋಣೆ ತನಕ ಹಿಂದಕ್ಕೆ ಹೋಗಿ.

ಒಂದು ಮಾಮೂಲಿ ಕ್ಲೇಮ್ ಇಟ್ಟುಕೊಳ್ಳೋಣ. ಅದರಲ್ಲಿ ಐದು ಸಾಲು: 80053, 85025, 84443, 83036, 36415. ಇವು ಟೆಸ್ಟ್‌ಗಳ ಬಿಲ್ಲಿಂಗ್ ನಂಬರ್, ಅಂದರೆ ಸಿಪಿಟಿ ಕೋಡ್: ಮೆಟಬಾಲಿಕ್ ಪ್ಯಾನೆಲ್, ಸಿಬಿಸಿ (ರಕ್ತಕಣಗಳ ಎಣಿಕೆ), ಟಿಎಸ್‌ಎಚ್ (ಥೈರಾಯ್ಡ್ ಟೆಸ್ಟ್), ಎಚ್‌ಬಿಎ1ಸಿ (ಸಕ್ಕರೆ ಟೆಸ್ಟ್, ಮುಂದೆ ಎ1ಸಿ), ರಕ್ತ ಎಳೆದ ಚಾರ್ಜ್. ಮೊದಲು ಪೇಮೆಂಟ್ ವಿವರ ತೆಗೆಯಿರಿ: ಐದಕ್ಕೂ ದುಡ್ಡು ಬಂತಾ? ಆಮೇಲೆ ಕ್ಲೇಮ್: ಯಾವ ಸಾಲಿಗೆ ಯಾವ ರೋಗದ ಕೋಡ್ ಜೋಡಿಸಿದ್ದೇವೆ? ಅಲ್ಲಿಂದ ರಿಪೋರ್ಟ್: ಐದೂ ನಿಜವಾಗಿ ಮಾಡಿದ್ದೇವಾ, ರಿಸಲ್ಟ್ ಡಾಕ್ಟರಿಗೆ ಹೋಗಿದೆಯಾ? ಅಲ್ಲಿಂದ ಸ್ಯಾಂಪಲ್ ಬಂದ ದಾಖಲೆ: ಯಾವಾಗ ಎಳೆದರು, ಯಾರು ಎಳೆದರು? ಅಲ್ಲಿಂದ ರಿಕ್ವಿಸಿಷನ್, ಅಂದರೆ ಯಾವ ಟೆಸ್ಟ್ ಬೇಕು ಅಂತ ಲ್ಯಾಬ್‌ಗೆ ಬಂದ ಹಾಳೆ. ಅಲ್ಲಿಂದ ಡಾಕ್ಟರ ಚಾರ್ಟಿನಲ್ಲಿ (ಅವರ ಹತ್ತಿರ ಇರುವ ರೋಗಿಯ ಫೈಲಿನಲ್ಲಿ) ಇರುವ ಆರ್ಡರ್. ಕೊನೆಗೆ ಅವತ್ತಿನ ಪ್ರೋಗ್ರೆಸ್ ನೋಟ್, ಅಂದರೆ ರೋಗಿಯನ್ನು ನೋಡಿ ಡಾಕ್ಟರ್ ಬರೆದ ಟಿಪ್ಪಣಿ.

ಒಂದು ಹಾಳೆಯಲ್ಲಿ ಏಳು ಕಾಲಂ ಗೆರೆ ಹಾಕಿಕೊಂಡು ಟಿಕ್ ಮಾಡುತ್ತಾ ಹೋಗಿ. ಎಲ್ಲಿ ಟಿಕ್ ಹಾಕಲು ಆಗುವುದಿಲ್ಲವೋ ಅಲ್ಲಿದೆ ನಿಮ್ಮ ದೋಷ. ಐದಾರು ಕ್ಲೇಮ್ ಮುಗಿಯುವಷ್ಟರಲ್ಲಿ ಒಂದೇ ಕಾಲಂ ಮತ್ತೆ ಮತ್ತೆ ಖಾಲಿ ಬೀಳುವುದು ಕಾಣುತ್ತದೆ. ನಾನು ಹನ್ನೊಂದು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಖಾಲಿ ಬೀಳುವುದು ಹೆಚ್ಚಿನ ಸಲ ಕೊನೆಯ ಎರಡು ಕಾಲಂ.

ಆರ್ಡರ್ ಇದೆ, ಸಹಿ ಇಲ್ಲ

ಆಡಿಟ್‌ನಲ್ಲಿ ಲ್ಯಾಬ್‌ಗಳು ಹೆಚ್ಚಾಗಿ ಎಡವುವ ಜಾಗ ಇದು. ಗೊಂದಲವೂ ಇಲ್ಲೇ ಜಾಸ್ತಿ.

ಮೆಡಿಕೇರ್ ನಿಯಮ ಹೇಳುವುದು ಇಷ್ಟು: ರೋಗಿಗೆ ಚಿಕಿತ್ಸೆ ಕೊಡುತ್ತಿರುವ ಡಾಕ್ಟರೇ ಟೆಸ್ಟ್ ಹೇಳಿರಬೇಕು, ರಿಸಲ್ಟನ್ನು ಚಿಕಿತ್ಸೆಗೆ ಬಳಸಬೇಕು. ಹಾಗಾದರೆ ರಿಕ್ವಿಸಿಷನ್ ಹಾಳೆಯ ಮೇಲೆ ಸಹಿ ಬೇಕಾ? 2011ಕ್ಕೆ ಬೇಕೇ ಬೇಕು ಅಂತ ನಿಯಮ ತಂದರು. ಲ್ಯಾಬ್‌ಗಳು, ಡಾಕ್ಟರುಗಳು ಗಲಾಟೆ ಮಾಡಿದರು. 2012ರ ನಿಯಮದಲ್ಲಿ ಅದನ್ನು ವಾಪಸ್ ತಗೊಂಡರು. ಇದನ್ನೇ ಹಿಡಿದುಕೊಂಡು "ಸಹಿ ಬೇಡ ಸರ್, ಬೇಡ" ಅನ್ನುವವರು ನಮ್ಮ ಫ್ಲೋರಿನಲ್ಲಿ ಇವತ್ತಿಗೂ ಇದ್ದಾರೆ. ಅರ್ಧ ಮಾತ್ರ ನಿಜ. ರಿಕ್ವಿಸಿಷನ್‌ಗೆ ಸಹಿ ಬೇಡ. ಆದರೆ ಈ ಟೆಸ್ಟ್ ಮಾಡಿಸಬೇಕು ಅಂತ ಡಾಕ್ಟರ್ ಯೋಚಿಸಿದ್ದರು ಅನ್ನುವುದಕ್ಕೆ ಅವರ ಚಾರ್ಟಿನಲ್ಲಿ, ಅವರು ಸಹಿ ಮಾಡಿದ ಬರಹದಲ್ಲಿ ಗುರುತು ಇರಲೇಬೇಕು.

ಹತ್ತಿರದಿಂದ ನೋಡೋಣ. ಒಂದು ನೋಟ್‌ನ ಕೊನೆಯಲ್ಲಿ ಹೀಗಿದೆ: "ಥೈರಾಯ್ಡ್ ಮಾತ್ರೆ ಡೋಸ್ ಕಳೆದ ಸಲ ಹೆಚ್ಚಿಸಿದೆ. ಇವತ್ತು ಟಿಎಸ್‌ಎಚ್ ನೋಡೋಣ. ಸಕ್ಕರೆ ಕಾಯಿಲೆಗೆ ಎ1ಸಿ." ಕೆಳಗೆ ಡಾಕ್ಟರ ಎಲೆಕ್ಟ್ರಾನಿಕ್ ಸಹಿ, ತಾರೀಕು, ಸಮಯ. ಟಿಎಸ್‌ಎಚ್, ಎ1ಸಿ ಎರಡೂ ಪಾಸ್. ಬೇರೆ ಆರ್ಡರ್ ಹಾಳೆ ಇಲ್ಲದಿದ್ದರೂ ನಡೆಯುತ್ತದೆ.

ಇನ್ನೊಂದು ನೋಟ್‌ನಲ್ಲಿ ಇರುವುದು ಇಷ್ಟೇ: "ಇವತ್ತು ಲ್ಯಾಬ್ಸ್." ಯಾವ ಲ್ಯಾಬ್ಸ್? ಯಾಕೆ? ರಿವ್ಯೂ ಮಾಡುವ ನರ್ಸ್‌ಗೆ ಇದರಿಂದ ಏನೂ ಗೊತ್ತಾಗುವುದಿಲ್ಲ. ಐದು ಸಾಲೂ ಹೋಯಿತು.

ಸಹಿ ಬಿಟ್ಟುಹೋಗಿದ್ದರೆ ಏನು ಮಾಡಬಹುದು ಅನ್ನುವುದಕ್ಕೆ ಎರಡು ದಾರಿ. ಪ್ರೋಗ್ರೆಸ್ ನೋಟ್‌ಗೆ ಸಹಿ ಇಲ್ಲ ಅಂದರೆ, ಅದು ನಾನೇ ಬರೆದದ್ದು ಅಂತ ಡಾಕ್ಟರಿಂದ ಅಟೆಸ್ಟೇಷನ್ ಬರೆಸಿ ಕಳಿಸಬಹುದು. ಸಹಿ ಇದೆ, ಓದಲು ಬರುವುದಿಲ್ಲ ಅಂದರೆ ಸಹಿ ಪಟ್ಟಿ ಸಾಕು, ಯಾವ ಗೀಚು ಯಾರದ್ದು ಅಂತ ತೋರಿಸುವ ಹಾಳೆ. ಆದರೆ ಆರ್ಡರ್‌ಗೇ ಸಹಿ ಇಲ್ಲದಿದ್ದರೆ ಅಟೆಸ್ಟೇಷನ್ ನಡೆಯುವುದಿಲ್ಲ. ಆ ಆರ್ಡರ್ ಇಲ್ಲವೇ ಇಲ್ಲ ಅಂತ ಲೆಕ್ಕ. ಆಗ ಸಹಿ ಇರುವ ನೋಟ್‌ನಲ್ಲಿ ಅದೇ ಟೆಸ್ಟ್‌ನ ಹೆಸರು ಇದೆಯಾ ಅಂತ ಹುಡುಕಬೇಕು.

ಯಾರಾದರೂ "ಈಗ ಸಹಿ ಹಾಕಿಸಿ ಹಳೇ ತಾರೀಕು ಬರೆದರಾಯಿತಲ್ವಾ" ಅಂದರೆ ಆ ಕ್ಷಣವೇ ನಿಲ್ಲಿಸಿ. ಅಲ್ಲಿಯ ತನಕ ಅದು ದುಡ್ಡು ವಾಪಸ್ ಕೊಡುವ ವಿಷಯ ಆಗಿರುತ್ತದೆ. ಆಮೇಲೆ ಜೈಲಿನ ವಿಷಯ ಆಗುತ್ತದೆ. ಇವತ್ತಿನ ಇಎಚ್‌ಆರ್‌ಗಳು, ಅಂದರೆ ಡಾಕ್ಟರುಗಳ ಕಂಪ್ಯೂಟರ್ ದಾಖಲೆ ಸಾಫ್ಟ್‌ವೇರ್‌ಗಳು, ಯಾವ ಅಕ್ಷರ ಯಾವಾಗ ಸೇರಿಸಿದರು ಅನ್ನುವುದನ್ನು ಸೆಕೆಂಡ್ ಸಮೇತ ಬರೆದಿಟ್ಟುಕೊಳ್ಳುತ್ತವೆ.

ಡಾಕ್ಟರ ಆಫೀಸಿನವರು ನೋಟ್ ಕೊಡುತ್ತಿಲ್ಲ

ಫೋನ್ ಮಾಡಿದರೆ ಅಲ್ಲಿನ ಸಿಬ್ಬಂದಿ "ಹಿಪಾ ಇದೆ, ಕೊಡಲಾಗುವುದಿಲ್ಲ" ಅಂತಾರೆ. ಹಿಪಾ 1996ರ ಕಾನೂನು. ರೋಗಿಯ ಮಾಹಿತಿ ಸಿಕ್ಕಸಿಕ್ಕವರಿಗೆ ಕೊಡಬಾರದು ಅನ್ನುವುದು ನಿಜ. ಆದರೆ ಅದೇ ರೋಗಿಗೆ ಟೆಸ್ಟ್ ಮಾಡಿದ ಲ್ಯಾಬ್‌ಗೆ ಪೇಮೆಂಟ್ ಕೆಲಸಕ್ಕಾಗಿ ಕೊಡಲು ಆ ಕಾನೂನೇ ಒಪ್ಪಿದೆ. ರೋಗಿಯ ಬೇರೆ ಸಹಿ ಬೇಕಾಗಿಲ್ಲ. ಜಗಳಕ್ಕೆ ಹೋಗಬೇಡಿ. ಮೆಡಿಕೇರ್ ಪತ್ರದ ಪ್ರತಿ ಜೊತೆಗಿಟ್ಟು, ಯಾವ ರೋಗಿ, ಯಾವ ದಿನದ ನೋಟ್, ಯಾವ ಟೆಸ್ಟ್ ಅಂತ ಒಂದೇ ಪುಟದ ಫ್ಯಾಕ್ಸ್ ಕಳಿಸಿ. ಹೌದು, ಫ್ಯಾಕ್ಸ್. ಅಮೆರಿಕದ ಆಸ್ಪತ್ರೆ ವ್ಯವಹಾರದಲ್ಲಿ ಅದಿನ್ನೂ ಗಟ್ಟಿಯಾಗಿ ಬದುಕಿದೆ.

ಸಮಯ ನೋಡಿ ಕರೆ ಮಾಡಿ. ಪೂರ್ವ ಕರಾವಳಿಯ ಆಫೀಸು ಬೆಳಗ್ಗೆ 9ಕ್ಕೆ ತೆರೆದರೆ ನಮಗೆ ಬೇಸಿಗೆಯಲ್ಲಿ ಸಂಜೆ 6:30, ಚಳಿಗಾಲದಲ್ಲಿ 7:30. ಸೋಮವಾರ ಬೆಳಗ್ಗೆ ಮಾಡಬೇಡಿ, ಫೋನ್ ಹಿಡಿಯುವವರೇ ಸಿಗುವುದಿಲ್ಲ. ಮಂಗಳವಾರ, ಬುಧವಾರ ಮಧ್ಯಾಹ್ನ ಊಟದ ಹೊತ್ತು ತಪ್ಪಿಸಿ ಮಾಡಿದರೆ ರೆಕಾರ್ಡ್ಸ್ ವಿಭಾಗದ ಹೆಂಗಸರು ಕೆಲವು ಸಲ ಕಾಲ್ ಮುಗಿಯುವ ಮುಂಚೆಯೇ ಕಳಿಸಿಬಿಡುತ್ತಾರೆ. ಅವರ ಹೆಸರು ಬರೆದಿಟ್ಟುಕೊಳ್ಳಿ, ಮುಂದಿನ ಸಲ ಹೆಸರು ಹಿಡಿದು ಕರೆಯಿರಿ. ಅರ್ಧ ಕೆಲಸ ಅಲ್ಲೇ ಆಗುತ್ತದೆ.

ರೋಗದ ಕೋಡ್ ಯಾರು ಹಾಕಿದರು?

ಒಂದು ಲ್ಯಾಬ್‌ನ ಕೆಲಸ ನಮ್ಮ ಟೀಮ್‌ಗೆ ಬಂದ ಹೊಸತು. ಆಡಿಟ್ ಪತ್ರದಲ್ಲಿ ಎ1ಸಿ, ಲಿಪಿಡ್ ಪ್ಯಾನೆಲ್‌ಗಳೇ ತುಂಬಿದ್ದವು. ನಾನು ಮೇಲೆ ಹೇಳಿದ ಹಾಗೆ ಹಿಂದಕ್ಕೆ ನಡೆದೆ. ಕ್ಲೇಮ್‌ನಲ್ಲಿ ಇ11.9, ಅಂದರೆ ಟೈಪ್ 2 ಸಕ್ಕರೆ ಕಾಯಿಲೆ. ರಿಪೋರ್ಟ್‌ನಲ್ಲಿ ಎ1ಸಿ 5.4. ಸಕ್ಕರೆ ಕಾಯಿಲೆಯವರಿಗೆ ಇಷ್ಟು ಚೆಂದದ ನಂಬರ್ ಅಪರೂಪ, ಆದರೆ ಇರಬಾರದು ಅಂತೇನಿಲ್ಲ. ಡಾಕ್ಟರ ನೋಟ್ ಬಂತು. ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು: ಸಕ್ಕರೆ ಕಾಯಿಲೆ ಇಲ್ಲ. ಎರಡನೇ ಕ್ಲೇಮ್ ತೆಗೆದೆ, ಅದೇ ಕಥೆ. ಮೂರನೇದೂ ಅದೇ.

ರಿಕ್ವಿಸಿಷನ್‌ನಲ್ಲಿ ರೋಗದ ಕೋಡ್ ಬರೆಯುವ ಜಾಗ ಖಾಲಿ. ಹಾಗಾದರೆ ಇ11.9 ಎಲ್ಲಿಂದ ಬಂತು? ಡಾಕ್ಟರ ಸಾಫ್ಟ್‌ವೇರ್‌ನಿಂದ ಲ್ಯಾಬ್ ಸಾಫ್ಟ್‌ವೇರ್‌ಗೆ ಆರ್ಡರ್ ಹೋಗುವ ಇಂಟರ್‌ಫೇಸಿನಲ್ಲಿ ಯಾರೋ ಒಂದು ಸೆಟ್ಟಿಂಗ್ ಹಾಕಿದ್ದರು. ಕೋಡ್ ಖಾಲಿ ಬಂದರೆ ಇದನ್ನು ತುಂಬು ಅಂತ. ಕ್ಲೇಮ್ ಸಿಕ್ಕಿಹಾಕಿಕೊಳ್ಳಬಾರದು, ಕೆಲಸ ಬೇಗ ಆಗಬೇಕು ಅನ್ನುವ ಆಸೆ ಇರಬೇಕು. ಆ ಕೋಡಿಗೆ ಮೆಡಿಕೇರ್ ಎ1ಸಿಗೂ ದುಡ್ಡು ಕೊಡುತ್ತದೆ, ಲಿಪಿಡ್‌ಗೂ ಕೊಡುತ್ತದೆ. ಹಾಗಾಗಿ ಡಿನಯಲ್, ಅಂದರೆ ದುಡ್ಡು ಕೊಡುವುದಿಲ್ಲ ಅನ್ನುವ ಉತ್ತರ, ಬರಲೇ ಇಲ್ಲ. ಡಿನಯಲ್ ಬಂದಿದ್ದರೆ ಯಾರಾದರೂ ನೋಡುತ್ತಿದ್ದರು. ಎಲ್ಲವೂ ಸರಾಗವಾಗಿ ಪಾಸ್ ಆಗುತ್ತಿದ್ದದ್ದೇ ತೊಂದರೆಯ ಲಕ್ಷಣ ಆಗಿತ್ತು.

ಇದನ್ನು ಹುಡುಕಲು ಆಡಿಟ್ ಪತ್ರಕ್ಕೆ ಕಾಯಬೇಕಾಗಿಲ್ಲ. ಕಳೆದ ಮೂರು ತಿಂಗಳ ಕ್ಲೇಮ್‌ಗಳನ್ನು ಎಕ್ಸೆಲ್‌ಗೆ ಇಳಿಸಿ. ಒಂದೊಂದು ಕ್ಲಿನಿಕ್‌ಗೂ ಯಾವ ಕೋಡ್ ಎಷ್ಟು ಸಲ ಬಂದಿದೆ ಅಂತ ಪಿವಟ್ ಹಾಕಿ. ಒಂದು ಕ್ಲಿನಿಕ್‌ನ ಅರ್ಧಕ್ಕಿಂತ ಜಾಸ್ತಿ ರೋಗಿಗಳಿಗೆ ಒಂದೇ ಕೋಡ್ ಇದ್ದರೆ ಐದು ಚಾರ್ಟ್ ತರಿಸಿ ನೋಡಿ. ಕಿಡ್ನಿ ಡಾಕ್ಟರ್ ಆಗಿದ್ದರೆ ಸಹಜ ಇರಬಹುದು. ಮಾಮೂಲಿ ಫ್ಯಾಮಿಲಿ ಡಾಕ್ಟರ್ ಆಗಿದ್ದರೆ ಸಹಜ ಅಲ್ಲ.

ನಿಯಮ ಏನು ಅಂದರೆ, ಕೋಡ್ ಬರಬೇಕಾದದ್ದು ಡಾಕ್ಟರಿಂದ. ಖಾಲಿ ಇದ್ದರೆ ಲ್ಯಾಬ್ ಅವರನ್ನೇ ಕೇಳಬೇಕು. ಯಾರನ್ನು ಕೇಳಿದೆವು, ಯಾವಾಗ, ಏನು ಹೇಳಿದರು ಅಂತ ಬರೆದಿಡಬೇಕು. ಹಳೇ ಕ್ಲೇಮ್‌ನಿಂದ ಎತ್ತಿ ಹಾಕಬಾರದು. ಯಾವ ಕೋಡಿಗೆ ದುಡ್ಡು ಬರುತ್ತದೆ ಅನ್ನುವ ಚೀಟಿಯನ್ನು ಕ್ಲಿನಿಕ್‌ಗೆ ಕಳಿಸಲೂಬಾರದು. "ಇರಬಹುದು" ಅಂತ ಬರೆದ ರೋಗವನ್ನು ಹೊರರೋಗಿ ಕ್ಲೇಮ್‌ನಲ್ಲಿ ಇದೆ ಅಂತ ಹಾಕುವಂತಿಲ್ಲ. ಸುಸ್ತು ಅಂತ ಬಂದವರಿಗೆ ಥೈರಾಯ್ಡ್ ಇರಬಹುದು ಅಂತ ಅನುಮಾನ ಇದ್ದರೆ ಹಾಕಬೇಕಾದದ್ದು ಸುಸ್ತಿನ ಕೋಡ್.

ಅದೇ ಟೆಸ್ಟ್ ತುಂಬಾ ಸಲ ಆಗಿದೆ

ಲ್ಯಾಬ್ ಟೆಸ್ಟ್‌ಗಳಿಗೆ ಮೆಡಿಕೇರ್‌ನ ರಾಷ್ಟ್ರೀಯ ಕವರೇಜ್ ನಿಯಮಗಳು 23 ಇವೆ, 190.12ರಿಂದ 190.34ರ ತನಕ. ಮೂತ್ರ ಕಲ್ಚರ್, ಸಿಬಿಸಿ, ಗ್ಲೂಕೋಸ್, ಥೈರಾಯ್ಡ್, ಲಿಪಿಡ್, ಪಿಎಸ್‌ಎ ಎಲ್ಲ ಇದರಲ್ಲಿವೆ. ಇದಲ್ಲದೆ ಆಯಾ ಮ್ಯಾಕ್‌ನ ಸ್ಥಳೀಯ ನಿಯಮಗಳು ಬೇರೆ. ವಿಟಮಿನ್ ಡಿ ಅಂಥದ್ದು.

ಪದೇ ಪದೇ ಸಿಕ್ಕಿಬೀಳುವುದು ಎರಡು. ಸಕ್ಕರೆ ಹತೋಟಿಯಲ್ಲಿರುವ ರೋಗಿಗೆ ಎ1ಸಿ 3 ತಿಂಗಳಿಗಿಂತ ಬೇಗ ಮಾಡಿಸುವುದು ಅಗತ್ಯ ಅಂತ ಒಪ್ಪುವುದಿಲ್ಲ. ಥೈರಾಯ್ಡ್ ಸ್ಥಿರವಾಗಿರುವವರಿಗೆ ವರ್ಷಕ್ಕೆ 2 ಸಲ. ಡೋಸ್ ಬದಲಾಗಿದ್ದರೆ, ಹೊಸ ಲಕ್ಷಣ ಕಂಡಿದ್ದರೆ ಜಾಸ್ತಿ ಮಾಡಬಹುದು, ಆದರೆ ಆ ಕಾರಣ ನೋಟ್‌ನಲ್ಲಿ ಇರಬೇಕು. ಮಾತ್ರೆ ಬದಲಿಸಿದ್ದು ಡಾಕ್ಟರಿಗೆ ಗೊತ್ತು, ರೋಗಿಗೆ ಗೊತ್ತು, ಬರೆದಿಲ್ಲ ಅಂದರೆ ಆಡಿಟರ್‌ಗೆ ಗೊತ್ತಿಲ್ಲ.

ಎರಡು ಕ್ಲಿನಿಕ್‌ಗೆ ಹೋಗುವ ರೋಗಿಗಳಲ್ಲಿ ಇದು ಮಾಮೂಲು. ಫ್ಯಾಮಿಲಿ ಡಾಕ್ಟರ್ ಮಾರ್ಚ್‌ನಲ್ಲಿ ಒಂದು ಎ1ಸಿ, ಎಂಡೋಕ್ರೈನಾಲಜಿಸ್ಟ್ ಏಪ್ರಿಲ್‌ನಲ್ಲಿ ಇನ್ನೊಂದು. ಒಬ್ಬರಿಗೆ ಇನ್ನೊಬ್ಬರು ಮಾಡಿಸಿದ್ದು ಗೊತ್ತಿಲ್ಲ. ಲ್ಯಾಬ್‌ಗೆ ಮಾತ್ರ ಎರಡೂ ಕಾಣುತ್ತದೆ, ಯಾಕಂದರೆ ಎರಡೂ ಟ್ಯೂಬ್ ಬಂದದ್ದು ಅಲ್ಲಿಗೇ. ಲ್ಯಾಬ್ ಸಾಫ್ಟ್‌ವೇರ್‌ನಲ್ಲಿ ತಾರೀಕು ನೋಡಿ ಎಚ್ಚರಿಸುವ ಒಂದು ನಿಯಮ ಹಾಕಿಸಿ. ರಕ್ತ ಎಳೆಯುವ ಮುಂಚೆ ಗೊತ್ತಾದರೆ ಎಬಿಎನ್ ಕೊಡಬಹುದು.

ಎಬಿಎನ್ ಅಂದರೆ ಸಿಎಮ್‌ಎಸ್-ಆರ್-131 ಅನ್ನುವ ಫಾರ್ಮ್. "ಇದಕ್ಕೆ ಮೆಡಿಕೇರ್ ದುಡ್ಡು ಕೊಡದೆ ಇರಬಹುದು, ಕಾರಣ ಇದು, ಇಷ್ಟು ಖರ್ಚಾಗಬಹುದು" ಅಂತ ರೋಗಿಗೆ ಮೊದಲೇ ಹೇಳಿ ಸಹಿ ಮಾಡಿಸುವುದು. ಅಂದಾಜು ಮೊತ್ತ ನಿಜವಾದ ಮೊತ್ತಕ್ಕೆ 100 ಡಾಲರ್ ಅಥವಾ ಶೇ 25, ಯಾವುದು ಜಾಸ್ತಿಯೋ ಅಷ್ಟರ ಒಳಗೆ ಇರಬೇಕು. ಸಹಿ ಇದ್ದರೆ ಕ್ಲೇಮ್‌ಗೆ ಜಿಎ ಮಾಡಿಫೈಯರ್ (ಟೆಸ್ಟ್ ಕೋಡ್ ಜೊತೆ ಸೇರಿಸುವ ಎರಡಕ್ಷರದ ಗುರುತು), ಬೇಕಿತ್ತು ಆದರೆ ತಗೊಂಡಿಲ್ಲ ಅಂದರೆ ಜಿಝಡ್. ಇಲ್ಲಿ ನೋಡಬೇಕಾದ ದೋಷ ಯಾವುದು ಅಂದರೆ, ಬಂದವರಿಗೆಲ್ಲ ಸುಮ್ನೆ ಒಂದು ಎಬಿಎನ್ ಸಹಿ ಮಾಡಿಸಿಡುವ ಅಭ್ಯಾಸ. ಕಾರಣದ ಜಾಗದಲ್ಲಿ ಏನೂ ಬರೆಯದೆ, ಎಲ್ಲರಿಗೂ ಒಂದೇ ಥರ. ಅಂಥ ಫಾರ್ಮ್ ಆಡಿಟ್‌ನಲ್ಲಿ ನಿಲ್ಲುವುದಿಲ್ಲ. ರಕ್ತ ಎಳೆದಾದ ಮೇಲೆ ತಗೊಂಡ ಸಹಿಯೂ ಅಷ್ಟೇ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಮಾಡಿದ್ದು ಒಂದು, ಬಿಲ್ ಹಾಕಿದ್ದು ಇನ್ನೊಂದು

ಆರ್ಡರ್‌ನಲ್ಲಿ ಡಿಫರೆನ್ಷಿಯಲ್ (ಬಿಳಿ ರಕ್ತಕಣಗಳ ವಿಧವಾರು ಎಣಿಕೆ) ಬೇಡದ ಸಿಬಿಸಿ, ಅಂದರೆ 85027. ಮಷೀನ್ ಹೇಗೂ ಡಿಫರೆನ್ಷಿಯಲ್ ಕೊಡುತ್ತದೆ, ಬಿಲ್ ಹೋಗಿದ್ದು 85025. ಮೂತ್ರ ಪರೀಕ್ಷೆಯಲ್ಲೂ ಹೀಗೇ. ಡಾಕ್ಟರ್ ಹೇಳಿದ್ದು ಮೈಕ್ರೋಸ್ಕೋಪ್ ಇಲ್ಲದ 81003, ಹೋದದ್ದು 81001. ವ್ಯತ್ಯಾಸ ಒಂದೆರಡು ಡಾಲರ್ ಇರಬಹುದು. ಆದರೆ ಸಾವಿರಾರು ಕ್ಲೇಮ್‌ಗೆ ಅದೇ ತಪ್ಪಾದರೆ ಆಡಿಟರ್ ತಾನು ಆರಿಸಿ ನೋಡಿದ ಕೆಲವು ಕ್ಲೇಮ್‌ಗಳ ಲೆಕ್ಕವನ್ನು ಪೂರ್ತಿ ಕ್ಲೇಮ್‌ಗಳಿಗೆ ಹಿಗ್ಗಿಸಿ ಕೇಳಬಹುದು.

ಇಂಥದ್ದರ ಮೂಲ ಸಾಮಾನ್ಯವಾಗಿ ಟೆಸ್ಟ್ ಮೆನುವಿನಲ್ಲಿ ಇರುತ್ತದೆ. ಲ್ಯಾಬ್‌ನ ಟೆಸ್ಟ್ ಕೋಡ್ ಒಂದೊಂದಕ್ಕೂ ಯಾವ ಸಿಪಿಟಿ ಕಟ್ಟಿದ್ದಾರೆ ಅನ್ನುವ ಪಟ್ಟಿ ತೆಗೆದು ಮುಖ್ಯ ತಂತ್ರಜ್ಞರ ಜೊತೆ ಕೂತು ಸಾಲು ಸಾಲಾಗಿ ಓದಿ. ಬಿಲ್ಲಿಂಗ್‌ನವರು ಒಬ್ಬರೇ ಓದಿದರೆ ಮಷೀನ್ ಏನು ಮಾಡುತ್ತದೆ ಗೊತ್ತಾಗುವುದಿಲ್ಲ, ತಂತ್ರಜ್ಞರು ಒಬ್ಬರೇ ಓದಿದರೆ ಕೋಡ್ ಗೊತ್ತಾಗುವುದಿಲ್ಲ.

80050 ಅನ್ನುವ ಜನರಲ್ ಹೆಲ್ತ್ ಪ್ಯಾನೆಲ್‌ಗೆ ಮೆಡಿಕೇರ್ ದುಡ್ಡು ಕೊಡುವುದಿಲ್ಲ. ಅದನ್ನು 80053, 85025, 84443 ಅಂತ ಮೂರಾಗಿ ಹಾಕಬಹುದು, ಆದರೆ ಮೂರಕ್ಕೂ ಬೇರೆ ಬೇರೆ ಕಾರಣ ಚಾರ್ಟಿನಲ್ಲಿ ಇರಬೇಕು. ಉಲ್ಟಾ ತಪ್ಪೂ ಇದೆ. ಲಿಪಿಡ್ ಪ್ಯಾನೆಲ್ 80061 ಪೂರ್ತಿ ಮಾಡಿ ಅದರ ಮೂರು ಟೆಸ್ಟ್‌ಗಳನ್ನು ಬಿಡಿಬಿಡಿಯಾಗಿ ಹಾಕುವುದು.

ಮಾಡಿಫೈಯರ್ 91 ನೋಡಿ. ಒಂದೇ ದಿನ ಅದೇ ಟೆಸ್ಟನ್ನು ಚಿಕಿತ್ಸೆಗೆ ಬೇಕು ಅಂತ ಮತ್ತೆ ಮಾಡಿದಾಗ ಅದು. ಮಷೀನ್ ಕೆಟ್ಟಿತು, ಸ್ಯಾಂಪಲ್ ಹಾಳಾಯಿತು, ರಿಸಲ್ಟ್ ಮೇಲೆ ಅನುಮಾನ ಬಂತು ಅಂತ ಲ್ಯಾಬ್ ಮತ್ತೆ ಓಡಿಸಿದ್ದಕ್ಕೆ ಅಲ್ಲ. ಆ ಖರ್ಚು ಲ್ಯಾಬ್‌ದೇ.

ಡಾಕ್ಟರಿಗೆ ಗೊತ್ತಿಲ್ಲದೆ ಸೇರಿಕೊಂಡ ಟೆಸ್ಟ್‌ಗಳು ಇನ್ನೂ ಅಪಾಯ. 1990ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ ಲ್ಯಾಬ್‌ಸ್ಕ್ಯಾಮ್ ಅನ್ನುವ ದೊಡ್ಡ ತನಿಖೆ ನಡೆಯಿತು. ಮಾಮೂಲಿ ಕೆಮಿಸ್ಟ್ರಿ ಪ್ಯಾನೆಲ್ ಜೊತೆಗೆ ಎಚ್‌ಡಿಎಲ್, ಫೆರಿಟಿನ್ ಸೇರಿಸಿ, ಅದು ಪ್ಯಾನೆಲ್‌ನಲ್ಲೇ ಇದೆ ಅಂತ ಡಾಕ್ಟರುಗಳು ಅಂದುಕೊಳ್ಳುವ ಹಾಗೆ ಮಾಡಿ, ಮೆಡಿಕೇರ್‌ಗೆ ಬೇರೆ ಬಿಲ್ ಹಾಕಿದ್ದರು. ಅದರ ನಂತರ 1998ರಲ್ಲಿ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಲ್ಯಾಬ್‌ಗಳಿಗೆಂದೇ ಮಾರ್ಗಸೂಚಿ ತಂದಿತು. ನಿಮ್ಮ ಕೆಲಸ ಇಷ್ಟು: ರಿಕ್ವಿಸಿಷನ್ ಫಾರ್ಮ್ ಕೈಯಲ್ಲಿ ಹಿಡಿದು, ಒಂದು ಬಾಕ್ಸ್‌ಗೆ ಟಿಕ್ ಹಾಕಿದರೆ ಎಷ್ಟು ಸಿಪಿಟಿ ಕೋಡ್ ಹುಟ್ಟುತ್ತದೆ ಅಂತ ಎಣಿಸಿ. ರಿಫ್ಲೆಕ್ಸ್ ಟೆಸ್ಟ್ (ಮೊದಲ ಟೆಸ್ಟ್‌ನ ರಿಸಲ್ಟ್ ನೋಡಿ ತಾನಾಗೇ ಮಾಡುವ ಮುಂದಿನ ಟೆಸ್ಟ್) ಇದ್ದರೆ ಅದು ಬೇಡ ಅನ್ನುವ ಅವಕಾಶ ಡಾಕ್ಟರಿಗೆ ಅದೇ ಫಾರ್ಮ್‌ನಲ್ಲಿ ಕಾಣುತ್ತದಾ ನೋಡಿ. ನರ್ಸಿಂಗ್ ಹೋಮ್‌ಗಳ ಸ್ಟ್ಯಾಂಡಿಂಗ್ ಆರ್ಡರ್‌ಗಳ, ಅಂದರೆ ಒಮ್ಮೆ ಕೊಟ್ಟು ಪದೇ ಪದೇ ನಡೆಯುವ ಆರ್ಡರ್‌ಗಳ, ತಾರೀಕು ನೋಡಿ. ಆರ್ಡರ್ ಕೊಟ್ಟ ಡಾಕ್ಟರ್ ಅಲ್ಲಿನ ಕೆಲಸ ಬಿಟ್ಟು ಹೋಗಿ ಎಷ್ಟೋ ದಿನ ಆಗಿದ್ದರೂ ಪ್ರತಿ ತಿಂಗಳು ರಕ್ತ ಎಳೆಯುತ್ತಿದ್ದ ಪ್ರಕರಣ ನಾನೇ ಕಂಡಿದ್ದೇನೆ.

ಬೇಗ ನೋಡಿ ಮುಗಿಸಬಹುದಾದವು

ಸೇವೆಯ ತಾರೀಕು ಅಂದರೆ ಸಾಮಾನ್ಯವಾಗಿ ಸ್ಯಾಂಪಲ್ ತೆಗೆದ ದಿನ. ಲ್ಯಾಬ್‌ಗೆ ಬಂದ ದಿನವೂ ಅಲ್ಲ, ರಿಪೋರ್ಟ್ ಕೊಟ್ಟ ದಿನವೂ ಅಲ್ಲ. 24 ಗಂಟೆಯ ಮೂತ್ರದ ಥರ ಎರಡು ದಿನಕ್ಕೆ ಹರಡಿದರೆ ಸಂಗ್ರಹ ಮುಗಿದ ದಿನ. ಸಂಜೆ ಎಳೆದು ಮಧ್ಯರಾತ್ರಿ ಮೇಲೆ ಲ್ಯಾಬ್‌ಗೆ ತಲುಪುವ ಟ್ಯೂಬ್‌ಗಳಲ್ಲಿ ಒಂದು ದಿನ ಆಚೀಚೆ ಆಗುತ್ತದೆ.

ಕ್ಲಿಯಾ ಸರ್ಟಿಫಿಕೇಟ್, ಅಂದರೆ ಟೆಸ್ಟ್ ಮಾಡಲು ಲ್ಯಾಬ್‌ಗೆ ಬೇಕಾದ ಸರ್ಕಾರಿ ಸರ್ಟಿಫಿಕೇಟ್, 2 ವರ್ಷಕ್ಕೊಮ್ಮೆ ಮುಗಿಯುತ್ತದೆ. ಹತ್ತು ಅಕ್ಷರದ ಆ ನಂಬರ್ ಕ್ಲೇಮ್‌ನಲ್ಲಿ ಸರಿ ಇದೆಯಾ, ಲ್ಯಾಬ್ ಹೊಸದಾಗಿ ಶುರುಮಾಡಿದ ಟೆಸ್ಟ್‌ನ ವಿಭಾಗ ಸರ್ಟಿಫಿಕೇಟ್‌ನಲ್ಲಿ ಸೇರಿದೆಯಾ ನೋಡಿ. ಎರಡು ಜಾಗದಲ್ಲಿ ಲ್ಯಾಬ್ ಇದ್ದರೆ ಟೆಸ್ಟ್ ಮಾಡಿದ ಜಾಗದ ನಂಬರೇ ಇರಬೇಕು. ಟೆಸ್ಟ್ ಹೇಳಿದ ಡಾಕ್ಟರ ಎನ್‌ಪಿಐ (ಗುರುತಿನ ನಂಬರ್) ಮೆಡಿಕೇರ್ ನೋಂದಣಿಯಲ್ಲಿ ಇದೆಯಾ ಅನ್ನುವುದನ್ನೂ ಅದೇ ಕೈಯಲ್ಲಿ ನೋಡಿಬಿಡಿ. ಆರ್ಡರ್‌ಗೆ ಸಂಬಂಧಿಸಿದ ದಾಖಲೆಗಳನ್ನು 7 ವರ್ಷ ಇಡಬೇಕು. ಲ್ಯಾಬ್ ಸಾಫ್ಟ್‌ವೇರ್ ಬದಲಿಸಿದಾಗ ಹಳೇ ರಿಕ್ವಿಸಿಷನ್ ಚಿತ್ರಗಳು ಹೊಸದಕ್ಕೆ ಬಂದಿವೆಯಾ ಅಂತ ಯಾರೂ ಕೇಳಿರುವುದಿಲ್ಲ. ನೀವು ಕೇಳಿ.

ತಪ್ಪು ನಮ್ಮದೇ ಅಂತ ಗೊತ್ತಾದರೆ

ಮೇಲಿನ ಇ11.9 ಕಥೆಗೆ ವಾಪಸ್ ಬರುತ್ತೇನೆ. ಆಡಿಟ್ ಕೇಳಿದ್ದು 30 ಕ್ಲೇಮ್. ಆದರೆ ಆ ಸೆಟ್ಟಿಂಗ್ ಮುಟ್ಟಿದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಮೂವತ್ತಕ್ಕೆ ಉತ್ತರ ಬರೆದು ಸುಮ್ಮನಿರುವಂತಿಲ್ಲ. ಹೆಚ್ಚಿಗೆ ಬಂದ ದುಡ್ಡು ಅಂತ ಗುರುತಿಸಿದ ಮೇಲೆ 60 ದಿನದಲ್ಲಿ ವಾಪಸ್ ಕೊಡಬೇಕು, 6 ವರ್ಷ ಹಿಂದಿನ ತನಕ. 2025ರ ಜನವರಿಯಿಂದ ಒಂದು ಅನುಕೂಲ ಸೇರಿದೆ. ಒಂದು ಸಿಕ್ಕಿದ ಮೇಲೆ ಅಂಥದ್ದೇ ಬೇರೆ ಎಷ್ಟಿವೆ ಅಂತ ಪ್ರಾಮಾಣಿಕವಾಗಿ ಹುಡುಕುತ್ತಿದ್ದರೆ ಆ ಗಡುವನ್ನು 180 ದಿನದ ತನಕ ತಡೆಹಿಡಿಯಬಹುದು. ಗೊತ್ತಿದ್ದೂ ಇಟ್ಟುಕೊಂಡರೆ ಅದು ಫಾಲ್ಸ್ ಕ್ಲೇಮ್ಸ್ ಕಾನೂನಿನ ಕೆಳಗೆ ಹೋಗುತ್ತದೆ. 1863ರ ಕಾನೂನು ಅದು, ನಷ್ಟದ ಮೂರು ಪಟ್ಟು ಕೇಳುತ್ತದೆ.

ನಮ್ಮ ಕ್ಲೈಂಟ್‌ಗೆ ಇದನ್ನು ಹೇಳುವುದು ಸುಲಭ ಇರಲಿಲ್ಲ. ನಾವು ಹೇಳಿದೆವು, ಮೇಲ್‌ನಲ್ಲಿ ಬರೆದೂ ಕಳಿಸಿದೆವು. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಅವರ ವಕೀಲರೇ ಕಾಲ್‌ಗೆ ಬಂದರು. ಕೇಳಿದ ಮೊದಲ ಪ್ರಶ್ನೆ ಆ ಸೆಟ್ಟಿಂಗ್ ಯಾವ ತಾರೀಕಿನಿಂದ ಇತ್ತು ಅಂತ. ಅದಕ್ಕೇ ಹೇಳುವುದು, ತಪ್ಪು ಸರಿಮಾಡುವ ಮುಂಚೆ ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ಸರಿಮಾಡಿಬಿಟ್ಟರೆ ಯಾವಾಗಿಂದ ಇತ್ತು ಅನ್ನುವುದಕ್ಕೆ ಸಾಕ್ಷಿಯೇ ಹೋಗುತ್ತದೆ.

ಕಟ್ಟಿ ಕಳಿಸುವುದು, ಆಮೇಲೆ

ಒಂದೊಂದು ಕ್ಲೇಮ್‌ಗೂ ಒಂದು ಪಿಡಿಎಫ್. ಮೇಲೆ ಮೆಡಿಕೇರ್ ಪತ್ರದ ಪ್ರತಿ, ಆಮೇಲೆ ಒಂದು ಪುಟದ ಪಟ್ಟಿ, ಆಮೇಲೆ ನೋಟ್, ಆರ್ಡರ್, ರಿಕ್ವಿಸಿಷನ್, ರಿಪೋರ್ಟ್, ಇದ್ದರೆ ಎಬಿಎನ್. ನೋಟ್ ಮೊದಲಿಗೆ ಇರಲಿ. ಓದುವವರು ಹುಡುಕುವುದು ಅದನ್ನೇ. ಎಲೆಕ್ಟ್ರಾನಿಕ್ ದಾರಿ, ಅಂದರೆ ಇಎಸ್‌ಎಮ್‌ಡಿ ಅಥವಾ ಮ್ಯಾಕ್‌ನ ಪೋರ್ಟಲ್ ಮೂಲಕ ಕಳಿಸಿದರೆ ತಲುಪಿದ ರಸೀದಿ ಸಿಗುತ್ತದೆ. ಆ ರಸೀದಿ ಫೋಲ್ಡರಿನಲ್ಲಿ ಇಡಿ. ಎಲ್ಲ ನೋಟ್ ಸಿಕ್ಕಿಲ್ಲ ಅಂತ ಗಡುವು ಮೀರಿಸಬೇಡಿ. ಸಿಕ್ಕಿದ್ದನ್ನು ಕಳಿಸಿ. ಉತ್ತರವೇ ಹೋಗದಿದ್ದರೆ ಪೂರ್ತಿ ಕ್ಲೇಮ್ ಡಿನೈ ಆಗುತ್ತದೆ.

ದುಡ್ಡು ವಾಪಸ್ ಕೇಳುವ ಪತ್ರ ಬಂದರೆ ಮೊದಲ ಮೇಲ್ಮನವಿಗೆ 120 ದಿನ ಇದೆ. ಆದರೆ ಮುಂದಿನ ಪೇಮೆಂಟ್‌ಗಳಿಂದ ಮುರಿದುಕೊಳ್ಳುವುದನ್ನು ತಡೆಯಬೇಕು ಅಂದರೆ 30 ದಿನದೊಳಗೆ ಹಾಕಬೇಕು, ಯಾಕಂದರೆ 41ನೇ ದಿನದಿಂದ ಮುರಿಯಲು ಶುರುಮಾಡುತ್ತಾರೆ. ಅಲ್ಲೂ ಸೋತರೆ ಎರಡನೇ ಹಂತಕ್ಕೆ 180 ದಿನ. ತಡವಾಗಿ ಸಿಕ್ಕ ಡಾಕ್ಟರ ನೋಟ್‌ಗಳನ್ನು ಅಷ್ಟರೊಳಗೆ ಸೇರಿಸಿಬಿಡಿ. ಎರಡನೇ ಹಂತ ದಾಟಿದ ಮೇಲೆ ಹೊಸ ದಾಖಲೆ ಕೊಡಬೇಕಾದರೆ ಇಷ್ಟು ದಿನ ಯಾಕೆ ಕೊಡಲಿಲ್ಲ ಅನ್ನುವುದಕ್ಕೆ ಗಟ್ಟಿ ಕಾರಣ ಕೇಳುತ್ತಾರೆ.